ಲಿಸ್ಬನ್‌ಗೆ ಬರುವ ಅಪ್ಪ ಅಮ್ಮನಿಗೆ

ಲಿಸ್ಬನ್

ತೀರ್ಥರೂಪರಾದ ಅಪ್ಪನಿಗೆ ಮತ್ತು ಮಾತೃಶ್ರೀ ಅಮ್ಮನಿಗೆ ಸಾಷ್ಟಾಂಗ ನಮಸ್ಕಾರಗಳು.

ವೀಸಾ ಕೈಗೆ ಬಂದಿತೆಂದು ಅಕ್ಕ ಹೇಳಿದಾಗಿನಿಂದ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇಲ್ಲಿ ಏನು ನೋಡಬೇಕು, ಎಲ್ಲಿ ಊಟ ಮಾಡಬೇಕು ಎಂಬುದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ಅಪ್ಪ “ಆಯಿತು, ಬಂದ ಮೇಲೆ ನೋಡಿದರಾಯಿತು” ಎಂದು ಮುಗಿಸಿಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಚೇರಿಗೆ ಹೋಗುವ ದಿನಗಳಲ್ಲಿ ನೀವಿಬ್ಬರೇ ಓಡಾಡಬೇಕಾಗುತ್ತದೆ. ಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಂಡು ಬನ್ನಿ.

ಮೇ ಕೊನೆಗೆ ಬಂದು ಜೂನ್ ಮೊದಲ ವಾರ ಹೊರಡುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ಆಗ ಇಲ್ಲಿನ ಬೀದಿಗಳಲ್ಲಿ ಜಕರಂಡಾ ಮರಗಳು ನೇರಳೆ ಹೂ ಬಿಟ್ಟಿರುತ್ತವೆ, ರಾತ್ರಿ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಸುವ ಹೊತ್ತಿಗೆ ಅಪ್ಪ ಊರು ಸೇರಿಯೂ ಆಗುತ್ತದೆ.

ಮೊದಲ ದಿನ ಬೆಲೆಂ ಎಂಬ ಕಡೆಗೇ ಹೋಗೋಣ. ತೇಜು ನದಿ ಸಮುದ್ರ ಸೇರುವ ದಾರಿಯಲ್ಲಿರುವ ಆ ಜಾಗದಿಂದಲೇ ವಾಸ್ಕೋ ಡ ಗಾಮ 1497ರ ಜುಲೈಯಲ್ಲಿ ಹೊರಟದ್ದು. ಅಲ್ಲಿರುವ ಜೆರೊನಿಮುಸ್ ಮಠವನ್ನು ಅಪ್ಪ ನೋಡಲೇಬೇಕು. ಪೋರ್ಚುಗಲ್ ದೊರೆ ಮಾನುಯೆಲ್ ಅದನ್ನು ಕಟ್ಟಿಸಲು ಹಿಡಿದದ್ದು 1501ರ ಸುಮಾರಿಗೆ. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ 5ರ ಸುಂಕದ ಹಣದಿಂದ ಕಟ್ಟಿದ್ದು. ಆ ಸುಂಕಕ್ಕೆ ಮೆಣಸಿನದೇ ಹೆಸರು. ಆದರೆ ನಿಜವಾದ ಮೆಣಸು, ಲವಂಗ, ದಾಲ್ಚಿನ್ನಿಗಳ ಸುಂಕ ಮಾತ್ರ ನೇರವಾಗಿ ಅರಸನ ಬೊಕ್ಕಸಕ್ಕೇ ಹೋಗುತ್ತಿತ್ತು. ಒಳಾಂಗಣದ ಕಂಬಗಳ ಹತ್ತಿರ ನಿಂತು ನೋಡಿ: ಕಲ್ಲಿನಲ್ಲೇ ಹಡಗಿನ ಹಗ್ಗ ಹೊಸೆದಿದ್ದಾರೆ, ಗಂಟು ಹಾಕಿದ್ದಾರೆ, ನಡುವೆ ಎಲೆ ಬಳ್ಳಿಗಳನ್ನು ಹಬ್ಬಿಸಿದ್ದಾರೆ. ಒಂದು ಕಂಬದಂತೆ ಇನ್ನೊಂದಿಲ್ಲ.

ಮಠಕ್ಕೆ ಸೇರಿದ ಇಗರ್ಜಿಯ ಬಾಗಿಲು ದಾಟುತ್ತಲೇ ಗಾಮನ ಸಮಾಧಿ ಇದೆ. ಅವನು ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಇಲ್ಲಿನವರು ಕೈಕಟ್ಟಿ ನಿಂತು ನೋಡುತ್ತಾರೆ. ನನಗೆ ಅಲ್ಲಿ ಹಾಗೆ ನಿಲ್ಲಲು ಆಗುವುದಿಲ್ಲ. ಮೊದಲ ಯಾನದಿಂದ ಮರಳುವಾಗ ಅವನು ತಂಗಿದ್ದು ನಮ್ಮ ಕಾರವಾರದ ಎದುರಿನ ಅಂಜುದೀವಿಯಲ್ಲಿ. 1502ರಲ್ಲಿ ಮತ್ತೆ ಬಂದಾಗ ಅವನ ಹಡಗುಗಳು ಭಟ್ಕಳದ ಮೇಲೆ ಬಿದ್ದು ಕಪ್ಪವಾಗಿ ಅಕ್ಕಿ ಹೇರಿಕೊಂಡವು. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಈ ಪೋರ್ಚುಗೀಸರೇ ‘ಮೆಣಸಿನ ರಾಣಿ’ ಎಂದು ಕರೆದರಲ್ಲ, ಆ ಮೆಣಸು ಬಂದು ಸೇರುತ್ತಿದ್ದ ಊರು ಇದು. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಪ್ರತಿ ವರ್ಷ ಮೆಣಸು ಕೊಯ್ಯುವ ನೀವು ಈ ಕಲ್ಲಿನ ಮೇಲೆ ಕೈಯಿಟ್ಟು ನೋಡಬೇಕು ಎಂಬುದು ನನ್ನ ಬಹಳ ದಿನಗಳ ಆಸೆ.

ಮಠ ಸೋಮವಾರ ಮುಚ್ಚಿರುತ್ತದೆ. ಹತ್ತಿರದ ಬೆಲೆಂ ಗೋಪುರವನ್ನು ಹೊರಗಿನಿಂದ ನೋಡಿದರೆ ಸಾಕು, ಒಳಗಿನ ಕಿರಿದಾದ ಮೆಟ್ಟಿಲು ಅಮ್ಮನ ಮಂಡಿಗೆ ಆಗುವುದಿಲ್ಲ. ಹೊರಗಿನಿಂದಲೇ ಒಂದನ್ನು ಹುಡುಕಿ: ಒಂದು ಕಾವಲುಗೂಡಿನ ಬುಡದಲ್ಲಿ ಸವೆದುಹೋದ ಘೇಂಡಾಮೃಗದ ತಲೆಯಿದೆ. 1515ರಲ್ಲಿ ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವೊಂದು ಗೋವೆಯಿಂದ ಹಡಗೇರಿ ಇಲ್ಲಿಗೆ ಬಂದು ಇಡೀ ಯುರೋಪನ್ನು ಬೆರಗುಗೊಳಿಸಿತ್ತು.

ಇನ್ನು ಊಟದ ಮಾತು. ಬೆಲೆಂನಲ್ಲಿ 1837ರಿಂದ ಮಾರುತ್ತಿರುವ ಒಂದು ಪುಟ್ಟ ಸಿಹಿಗಾಗಿ ಬೀದಿಯುದ್ದ ಸಾಲು ನಿಂತಿರುತ್ತದೆ. ಬಿಸಿ ಬಿಸಿ, ಮೇಲೆ ದಾಲ್ಚಿನ್ನಿ ಪುಡಿಯ ಪರಿಮಳ. ನೋಡಿದರೆ ಹಾಲುಖೋವಾ ಎಂದೇ ಅನ್ನಿಸುತ್ತದೆ, ಆದರೆ ಅದರಲ್ಲಿರುವುದು ಮೊಟ್ಟೆಯ ಹಳದಿ. ಇಲ್ಲಿನ ಸಿಹಿಗಳಲ್ಲಿ ಹೆಚ್ಚಿನವು ಹಾಗೆಯೇ. ಹಿಂದೆ ಮಠಗಳಲ್ಲಿ ಮೊಟ್ಟೆಯ ಬಿಳಿಯನ್ನು ಬಟ್ಟೆಗೆ ಗಂಜಿ ಹಾಕಲು ಬಳಸುತ್ತಿದ್ದರಂತೆ, ಉಳಿದ ಹಳದಿಯೆಲ್ಲ ಸಿಹಿಗೆ ಹೋಯಿತು ಎನ್ನುತ್ತಾರೆ. ಹಾಗಾಗಿ ಯಾರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ಕೇಳದೆ ತಿನ್ನಬೇಡಿ. “ಸೆಂ ಕಾರ್ನ್, ಸೆಂ ಪೈಶ್, ಸೆಂ ಓವುಶ್” ಎಂದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ ಎಂದರ್ಥ. ಅಪ್ಪ ಇದನ್ನು ಬಾಯಿಪಾಠ ಮಾಡಲಿ. ಎಲೆಕೋಸಿನ ಜಾತಿಯ ಸೊಪ್ಪು ಹಾಕಿದ ಹಸಿರು ಸೂಪು ಎಲ್ಲೆಡೆ ಸಿಗುತ್ತದೆ, ಅದರಲ್ಲಿ ಸಾಮಾನ್ಯವಾಗಿ ಮಾಂಸದ ತುಂಡು ಇರುತ್ತದೆ, ಬೇಡ. ಟೊಮೆಟೊ ಹಾಕಿದ ಅನ್ನ ಮಾಡುತ್ತಾರೆ, ಕೇಳಿಕೊಂಡು ತಿನ್ನಬಹುದು.

ಹೋಟೆಲಿನಲ್ಲಿ ಕುಳಿತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್ ಕಾಯಿ, ಚೀಸು ತಂದು ಮುಂದಿಡುತ್ತಾರೆ. ಉಪಚಾರಕ್ಕೆಂದು ಭಾವಿಸಬೇಡಿ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವೆಂದರೆ ಬೇಸರವಿಲ್ಲದೆ ತೆಗೆದುಕೊಂಡು ಹೋಗುತ್ತಾರೆ. ನಲ್ಲಿಯ ನೀರನ್ನು ಧೈರ್ಯವಾಗಿ ಕುಡಿಯಬಹುದು. ಕಾಫಿ ಎಂದಷ್ಟೇ ಹೇಳಿದರೆ ಪುಟ್ಟ ಬಟ್ಟಲಲ್ಲಿ ಕಪ್ಪು ಕಷಾಯ ಬರುತ್ತದೆ. “ಗಲಾಂವ್” ಎಂದು ಕೇಳಿ, ಉದ್ದನೆಯ ಗಾಜಿನ ಲೋಟದಲ್ಲಿ ಹಾಲು ಕಾಫಿ ಕೊಡುತ್ತಾರೆ. ಒಂದು ಮಧ್ಯಾಹ್ನ ಲುಮಿಯಾರ್‌ನ ರಾಧಾಕೃಷ್ಣ ದೇವಸ್ಥಾನಕ್ಕೆ ಹೋಗೋಣ. ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿಗಳು ಬೆಳೆಸಿದ್ದು, ಅಲ್ಲೇ ಸಸ್ಯಾಹಾರದ ಊಟವೂ ಇದೆ. ಉಳಿದಂತೆ ಅಡುಗೆ ನಮ್ಮ ಮನೆಯಲ್ಲೇ. ಮಾರ್ತಿಂ ಮೊನಿಜ್ ಚೌಕದ ಸುತ್ತಲಿನ ಅಂಗಡಿಗಳಲ್ಲಿ ತೊಗರಿಬೇಳೆ, ಕರಿಬೇವು ಎಲ್ಲ ಸಿಗುತ್ತವೆ.

ಊರಿನ ನಡುಭಾಗ ಬೈಶಾ. 1755ರ ನವೆಂಬರ್ 1ರಂದು, ಹಬ್ಬದ ಬೆಳಿಗ್ಗೆ ಜನರೆಲ್ಲ ಇಗರ್ಜಿಯಲ್ಲಿದ್ದಾಗ ಭೂಕಂಪವಾಗಿ, ಹಿಂದೆಯೇ ಸುನಾಮಿ ಬಂದು, ದಿನಗಟ್ಟಲೆ ಬೆಂಕಿ ಉರಿದು ಈ ಭಾಗವೆಲ್ಲ ನೆಲಸಮವಾಯಿತು. ಅರಮನೆಯ ಜೊತೆಗೆ, ಭಾರತದಿಂದ ಬಂದ ಮೆಣಸಿನ ಲೆಕ್ಕ ಇಡುತ್ತಿದ್ದ ಕಚೇರಿಯೂ ಹೋಯಿತು. ಈಗ ಅಲ್ಲಿ ನದಿಯ ಕಡೆಗೆ ತೆರೆದುಕೊಂಡ ದೊಡ್ಡ ಚೌಕ ಇದೆ. ಆಮೇಲೆ ಮಾರ್ಕೆಸ್ ಪೊಂಬಾಲ್ ಎಂಬ ಮಂತ್ರಿ ನೇರ ಬೀದಿಗಳ ಹೊಸ ಊರು ಕಟ್ಟಿಸಿದ. ಗೋಡೆಯೊಳಗೆ ಮರದ ಚೌಕಟ್ಟು ಕೂರಿಸಿ, ಅದರ ಮಾದರಿಯ ಸುತ್ತ ಸೈನಿಕರನ್ನು ಹೆಜ್ಜೆ ಹಾಕಿಸಿ ನೆಲ ಅದುರಿಸಿ ಪರೀಕ್ಷಿಸಿದರೆಂದು ಹೇಳುತ್ತಾರೆ.

ಇಲ್ಲಿಂದ ಮೇಲಿನ ಶಿಯಾದು ಭಾಗಕ್ಕೆ 1902ರ ಕಬ್ಬಿಣದ ಲಿಫ್ಟ್ ಇದೆ, ಚೆಂದವಾಗಿದೆ, ಆದರೆ ಅದಕ್ಕೆ ಸಾಲು ನಿಂತು ಅರ್ಧ ದಿನ ಕಳೆಯುವುದು ಬೇಡ. ಬೈಶಾ-ಶಿಯಾದು ಮೆಟ್ರೊ ನಿಲ್ದಾಣದೊಳಗಿನ ಚಲಿಸುವ ಮೆಟ್ಟಿಲು ಟಿಕೆಟ್ ಇಲ್ಲದೆ ಮೇಲಕ್ಕೆ ಮುಟ್ಟಿಸುತ್ತದೆ. ಕೋಟೆಯ ಕಡೆ ಹತ್ತಲು ಫಂಕೈರುಶ್ ಬೀದಿಯಿಂದ ಊರಿನವರೇ ಬಳಸುವ ಉಚಿತ ಲಿಫ್ಟುಗಳಿವೆ. ಅಮ್ಮಾ, ಏಳು ಗುಡ್ಡದ ಊರೆಂದು ನೀನು ಹೆದರಬೇಡ, ನಿನ್ನನ್ನು ಒಂದು ಏರನ್ನೂ ಕಾಲಿನಲ್ಲಿ ಹತ್ತಿಸುವುದಿಲ್ಲ. ಶಿಯಾದುವಿನಲ್ಲಿ 1732ರಲ್ಲಿ ಶುರುವಾದ ಬೆರ್ತ್ರಾಂದ್ ಪುಸ್ತಕದಂಗಡಿ ಇದೆ, ಅಪ್ಪ ಅಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಲಿ.

ಹಳದಿ ಬಣ್ಣದ 28ನೇ ನಂಬರಿನ ಟ್ರಾಮಿನಲ್ಲಿ ಬೆಳಿಗ್ಗೆ ಬೇಗ ಹತ್ತಬೇಕು, ಆಗ ಕಿಟಕಿಯ ಪಕ್ಕ ಜಾಗ ಸಿಗುತ್ತದೆ. ಹತ್ತು ಗಂಟೆಯ ಮೇಲೆ ಪ್ರವಾಸಿಗರ ನೂಕುನುಗ್ಗಲು, ಜೇಬುಗಳ್ಳರ ಕಾಟ. ಪಾಸ್‌ಪೋರ್ಟ್ ಮನೆಯಲ್ಲೇ ಇರಲಿ.

ಅಮ್ಮನಿಗೆ ಕೊನ್ಸೈಸಾಂವ್ ಬೀದಿ ತೋರಿಸಬೇಕು. ಸಾಲಾಗಿ ದಾರ, ಲೇಸು, ಗುಂಡಿಗಳ ಹಳೆಯ ಅಂಗಡಿಗಳು. ಗೋಡೆಯ ತುಂಬ ಪುಟ್ಟ ಪೆಟ್ಟಿಗೆಗಳು, ಒಳಗಿರುವ ಗುಂಡಿಯ ಒಂದು ಮಾದರಿಯನ್ನು ಪೆಟ್ಟಿಗೆಯ ಮುಖಕ್ಕೇ ಹೊಲಿದಿರುತ್ತಾರೆ. ರವಿಕೆಯ ಬಟ್ಟೆ ತಂದರೆ ಹೊಂದುವ ಗುಂಡಿ ಹುಡುಕಬಹುದು. ಊರಿಗೆ ಉಡುಗೊರೆ ಒಯ್ಯಲು ಕಾರ್ಕಿನ ಪರ್ಸು, ಚೀಲಗಳು ಒಳ್ಳೆಯವು, ಹಗುರ. ಪ್ರಪಂಚದ ಕಾರ್ಕಿನಲ್ಲಿ ಅರ್ಧದಷ್ಟು ಈ ದೇಶದ್ದು. ಮರ ಕಡಿಯುವುದಿಲ್ಲ, ಒಂಬತ್ತು ವರ್ಷಕ್ಕೊಮ್ಮೆ ಕೊಡಲಿಯಿಂದ ತೊಗಟೆಯನ್ನಷ್ಟೇ ಸುಲಿದು, ಯಾವ ವರ್ಷ ಸುಲಿದರೆಂಬುದರ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಮರ ಗಾಯ ಮಾಯಿಸಿಕೊಂಡು ಮತ್ತೆ ಕೊಡುತ್ತದೆ. ಇದನ್ನು ತಿಳಿದಾಗ ಅಪ್ಪನೇ ನೆನಪಾದರು. ಮಂಗಳವಾರ, ಶನಿವಾರ ನಡೆಯುವ ಫೈರಾ ದಾ ಲಾದ್ರಾ ಸಂತೆ ನೋಡಲು ಸೊಗಸು, ಆದರೆ ಅಲ್ಲಿ ನೀಲಿ ಬಿಳಿ ಹೆಂಚುಗಳನ್ನು ಕೊಳ್ಳಬೇಡಿ. ಹಳೆಯ ಮನೆಗಳ ಗೋಡೆಯಿಂದ ಕದ್ದು ಕಿತ್ತವೂ ಅವುಗಳಲ್ಲಿ ಸೇರಿರುತ್ತವೆ. ಹೊಸದಾಗಿ ಸುಟ್ಟು ಬಣ್ಣ ಹಾಕಿದವನ್ನು ಬೇರೆಡೆ ಕೊಡಿಸುತ್ತೇನೆ.

ಜೂನ್ ಹತ್ತಿರವಾದಂತೆ ಸಂತ ಅಂತೋನಿಯ ಹಬ್ಬಕ್ಕೆಂದು ತುಳಸಿಯ ಜಾತಿಯ ಪುಟ್ಟ ಗಿಡಗಳನ್ನು ಕುಂಡದಲ್ಲಿ ಮಾರುತ್ತಾರೆ, ಕಾಗದದ ಹೂವೊಂದನ್ನು ಸಿಕ್ಕಿಸಿ. ಗಿಡಕ್ಕೆ ಮೂಗು ಹಚ್ಚಬಾರದು, ಅಂಗೈ ಸವರಿ ಅಂಗೈಯನ್ನೇ ಮೂಸಬೇಕು ಎಂಬುದು ಇಲ್ಲಿನ ಪದ್ಧತಿ. ಅಮ್ಮನಿಗೆಂದು ಒಂದನ್ನು ಕಿಟಕಿಯಲ್ಲಿ ತಂದಿಡುತ್ತೇನೆ.

ಒಂದು ಸಂಜೆ ಕೈಶ್ ದು ಸೊದ್ರೆಯಿಂದ ದೋಣಿ ಹತ್ತಿ ತೇಜು ದಾಟೋಣ. ಹತ್ತು ನಿಮಿಷದ ದಾರಿ, ಕೆಲಸ ಮುಗಿಸಿ ಮನೆಗೆ ಹೋಗುವ ಜನರ ನಡುವೆ ಕುಳಿತು ಇಡೀ ಊರನ್ನು ಒಟ್ಟಿಗೆ ಕಾಣಬಹುದು. ಪ್ರವಾಸಿ ಹಡಗುಗಳಿಗೆ ತೆರುವ ದೊಡ್ಡ ದುಡ್ಡಿಗಿಂತ ಇದು ಎಷ್ಟೋ ಮೇಲು.

ಕೊನೆಗೆ ಸಾಮಾನಿನ ವಿಚಾರ. ಇಲ್ಲಿನ ಪಾದಚಾರಿ ದಾರಿಗಳಿಗೆಲ್ಲ ಸಣ್ಣ ಬಿಳಿ ಕಪ್ಪು ಕಲ್ಲು ಹಾಸಿರುತ್ತಾರೆ, ಸವೆದು ನುಣುಪಾಗಿವೆ, ಹನಿ ಬಿದ್ದರೆ ಜಾರುತ್ತವೆ. ಅಮ್ಮ ಚಪ್ಪಲಿಯಲ್ಲಿ ಹೊರಡುವುದು ಬೇಡ, ರಬ್ಬರ್ ತಳದ ಬೂಟು ಈಗಲೇ ಕೊಂಡು ನಾಲ್ಕು ದಿನ ಹಾಕಿ ರೂಢಿ ಮಾಡಿಕೊಳ್ಳಲಿ. ತುಪ್ಪ ಕಟ್ಟಬೇಡಿ, ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಹೊರದೇಶದಿಂದ ತರಲು ಐರೋಪ್ಯ ಒಕ್ಕೂಟದಲ್ಲಿ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಂಡು ಎಸೆಯುತ್ತಾರೆ. ಅದರ ಜಾಗದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎರಡು ಪದರ ಪ್ಲಾಸ್ಟಿಕ್ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಅಪ್ಪ ಬಿ.ಪಿ. ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲಿಟ್ಟುಕೊಳ್ಳಲಿ. ವಿಮಾನ ಇಳಿಯುವ ಹೊತ್ತಿಗೆ ನಾನು ಹೊರಗಿನ ಬಾಗಿಲಲ್ಲೇ ಇರುತ್ತೇನೆ.

ಅಕ್ಕ, ಭಾವನಿಗೆ ನೆನಪು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ
ಮಗಳು