ಸಹಿ ಹಾಕುವ ಮುನ್ನ: ಮಗಳಿಗೊಂದು ಪತ್ರ

ದಾವಣಗೆರೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಚಿತ್ರಮಾಲೆಯನ್ನು ಪತ್ರಿಕೆಗಳಿಗೆ ಒದಗಿಸಲಿರುವ ಸಂಸ್ಥೆಯ ಒಪ್ಪಂದದ ಕರಡನ್ನು ನೀನು ಕಳುಹಿಸಿದ್ದೆಯಲ್ಲ, ಅದನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕಲಿಯುವಾಗ ಮಂಡಕ್ಕಿ ಕಟ್ಟಿದ ಕಾಗದವನ್ನೂ ಬಿಡದೆ ನೀನು ಬರೆಯುತ್ತಿದ್ದ ಆ ಅಜ್ಜಿ ಮತ್ತು ಮೇಕೆ ಇನ್ನು ಹಲವು ಪತ್ರಿಕೆಗಳಲ್ಲಿ ದಿನವೂ ಬರಲಿವೆ ಎಂದು ನಿನ್ನ ಅಮ್ಮ ಓಣಿಗೆಲ್ಲ ಹೇಳಿ ಬಂದಿದ್ದಾಳೆ. ಆದರೆ ಮೂವತ್ತು ವರ್ಷ ಆಸ್ತಿಪತ್ರಗಳ ಬರಹಗಾರನಾಗಿ ದುಡಿದ ನನಗೆ ಏಳನೆಯ ಕಲಮು ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಪಾತ್ರಗಳ ಸಕಲ ಹಕ್ಕುಗಳೂ ಶಾಶ್ವತವಾಗಿ ಸಂಸ್ಥೆಗೆ ಸೇರತಕ್ಕದ್ದು ಎಂದು ಅದರಲ್ಲಿದೆ. ಮಗಳೇ, ಇದು ಗುತ್ತಿಗೆಯಲ್ಲ, ಕ್ರಯಪತ್ರ. ಭೋಗ್ಯವೆಂದು ನಂಬಿ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ರೈತರ ಮುಖಗಳನ್ನು ನಾನು ನೋಡಿದ್ದೇನೆ.

ಒಂದೇ ಚಿತ್ರಮಾಲೆಯನ್ನು ಹತ್ತಾರು ಪತ್ರಿಕೆಗಳಿಗೆ ಒದಗಿಸುವ ಸಂಸ್ಥೆಗೆ ಅದರ ಪಾಲು ಸಲ್ಲಬೇಕು. ಬಂದ ಹಣವನ್ನು ಸಂಸ್ಥೆ ಮತ್ತು ಕಲಾವಿದರು ಅರ್ಧರ್ಧ ಹಂಚಿಕೊಳ್ಳುವುದು ಅಮೆರಿಕದಲ್ಲಿ ಹಳೆಯ ರೂಢಿ. ಹಣದ ಪಾಲು ಬೇರೆ, ಒಡೆತನ ಬೇರೆ. ಚಾರ್ಲ್ಸ್ ಶುಲ್ಜ್ ಅವರ ಚಿತ್ರಮಾಲೆ 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಆರಂಭವಾದಾಗ ‘ಪೀನಟ್ಸ್’ ಎಂಬ ಹೆಸರನ್ನಿಟ್ಟದ್ದು ಅವರಲ್ಲ, ಸಂಸ್ಥೆ. ಆ ಹೆಸರು ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಸಹಾಯಕರಿಲ್ಲದೆ 17,897 ಕಂತುಗಳನ್ನು ತಮ್ಮ ಕೈಯಿಂದಲೇ ಬರೆದು, ಕೊನೆಯ ಕಂತು ಅಚ್ಚಾಗುವ ಹಿಂದಿನ ರಾತ್ರಿ, 2000ದ ಫೆಬ್ರುವರಿ 12ರಂದು, ತೀರಿಕೊಂಡವರು ಅವರು. ಅಂಥವರ ಕೂಸಿಗೆ ಬೇರೆಯವರು ಹೆಸರಿಟ್ಟರಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಚಿತ್ರಮಾಲೆಯ ಬಿಲ್ ವಾಟರ್ಸನ್ ಅದರಲ್ಲಿನ ಹುಲಿಯ ಪಾತ್ರ ಆಟಿಕೆಯಾಗಿ ಮಾರಾಟವಾಗುವುದನ್ನು ಒಪ್ಪಲಿಲ್ಲ, ಆದರೆ ಮೊದಲ ಒಪ್ಪಂದದಲ್ಲಿ ಆ ಹಕ್ಕು ಸಂಸ್ಥೆಗೇ ಹೋಗಿತ್ತು. ವರ್ಷಗಟ್ಟಲೆ ಹೋರಾಡಿ ಅದನ್ನು ಮರಳಿ ಪಡೆದರು. ಹೆಸರು ಬಂದ ಮೇಲೆ ಅವರಿಗೆ ದಕ್ಕಿದ ಆ ಬಲ ನಿನಗೆ ಇನ್ನೂ ಇಲ್ಲವಾದ್ದರಿಂದ, ಕೇಳುವುದನ್ನು ಸಹಿಗೆ ಮೊದಲೇ ಕೇಳು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನಂತೆ, ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೇ ಲೆಕ್ಕ. ‘ಶಾಶ್ವತವಾಗಿ’ ಎಂಬ ಒಂದು ಪದ ಆ ರಕ್ಷಣೆಯನ್ನು ಕಿತ್ತುಕೊಳ್ಳುತ್ತದೆ. ಅಚ್ಚು ಹಾಕುವ ಹಕ್ಕನ್ನು ಮೂರು ವರ್ಷಕ್ಕೆ ಕೊಡು. ಆಟಿಕೆ, ಚಲನಚಿತ್ರಗಳಿಗೆ ಬೇರೆ ಪತ್ರವಾಗಲಿ. ಮೂಲಚಿತ್ರಗಳು ನಿನಗೆ ಮರಳಬೇಕೆಂದು ಬರೆಸು. ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಎಲ್ಲವನ್ನೂ ಗುರುತಿಸಿಟ್ಟಿದ್ದೇನೆ. ಭಾನುವಾರ ಬೆಳಗಿನ ರೈಲಿಗೆ ಬಾ, ಕೂತು ಓದೋಣ.

ನಿನ್ನ ಅಪ್ಪ