ಮಗಳಿಗೊಂದು ಪತ್ರ: ವರದಿ ಯಾರ ಕೈಗೆ?

ಸಪ್ತಾಪುರ, ಧಾರವಾಡ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನೋವಿಜ್ಞಾನದ ಎರಡು ವರ್ಷದ ಎಂ.ಫಿಲ್. ಮುಗಿದ ಕೂಡಲೇ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು ಊರಿಗೆ ಬರುತ್ತೇನೆ, ನಿನ್ನ ಎರಡು ಕೋಣೆಯ ಕ್ಲಿನಿಕ್ಕಿನಲ್ಲೇ ಕೂರುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ನೀನು ಹೇಳಿದೆ. ಸಂತೋಷದಲ್ಲಿ ನನಗೆ ಹೆಚ್ಚು ಮಾತು ಹೊರಡಲಿಲ್ಲ. ಬಾಡಿಗೆ, ಫೀ, ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಎಂಬುದನ್ನೆಲ್ಲ ನೀನು ಬಂದ ಮೇಲೆ ಮಾತನಾಡಿಕೊಳ್ಳೋಣ. ಒಂದು ಸಂಗತಿಯನ್ನು ಮಾತ್ರ ಬರೆದೇ ತಿಳಿಸಬೇಕೆನಿಸಿತು, ಏಕೆಂದರೆ ಅದು ಬರವಣಿಗೆಗೇ ಸಂಬಂಧಪಟ್ಟದ್ದು. ನಾವು ಜನರ ಕೈಗೆ ಕೊಡುವ ವರದಿಯ ವಿಷಯ ಅದು.

ಬಹಳ ವರ್ಷಗಳ ಹಿಂದೆ ಒಬ್ಬ ತಂದೆ ತನ್ನ ಹನ್ನೊಂದು ವರ್ಷದ ಮಗನನ್ನು ಕರೆತಂದಿದ್ದ. ಊರು, ಹೆಸರು ನಿನಗೂ ಹೇಳುವುದಿಲ್ಲ. ಗುರುತು ಹತ್ತದ ಹಾಗೆ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಹುಡುಗ ಓದಿನಲ್ಲಿ ಹಿಂದೆ ಬಿದ್ದಿದ್ದ. ನಾನು ಎರಡು ಬೆಳಿಗ್ಗೆ ಕೂತು ಪರೀಕ್ಷೆಗಳನ್ನು ಮಾಡಿ, ನಾಲ್ಕು ಪುಟದ ವರದಿಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ಸಹಿ ಹಾಕಿ ಲಕೋಟೆಯಲ್ಲಿ ಕೊಟ್ಟೆ. ಬುದ್ಧಿಮತ್ತೆಯ ಸೂಚ್ಯಂಕ 78 ಎಂದೂ, ಅದು ‘ಬಾರ್ಡರ್‌ಲೈನ್’ ಮಟ್ಟವೆಂದೂ, ಮಗುವಿಗೆ ನಿಧಾನವಾಗಿ, ಕೈಗೆ ಕೆಲಸ ಕೊಟ್ಟು ಕಲಿಸಬೇಕೆಂದೂ ಅದರಲ್ಲಿತ್ತು. ಬಾಯಿಮಾತಿನಲ್ಲೂ ವಿವರಿಸಿದೆ, ಆದರೆ ಹೊರಗೆ ಇನ್ನೊಬ್ಬರು ಕಾಯುತ್ತಿದ್ದರು, ಹತ್ತು ನಿಮಿಷದಲ್ಲಿ ಮುಗಿಸಿದೆ. ಎರಡು ವರ್ಷದ ನಂತರ ತಂದೆ ಮತ್ತೆ ಬಂದ. ಹುಡುಗನ ಮುಂಗೈಯ ಮೇಲೆ ಬಾಸುಂಡೆಗಳಿದ್ದವು. ನಾನು ಕೇಳುವ ಮೊದಲೇ ಆತ ಹೇಳಿದ: “ಬಾಯಾರ, ಬುದ್ಧಿ ಎಪ್ಪತ್ತೆಂಟು ಅದ ಅಂತ ನೀವ ಬರದೀರಿ. ಡಿಸ್ಟಿಂಕ್ಷನ್ ಆತಲ್ಲ. ಬುದ್ಧಿ ಇದ್ದೂ ಓದಂಗಿಲ್ಲ ಅಂದ್ರ ಮೈಗಳ್ಳ ಅಲ್ಲೇನ್ರಿ?”

ಆತ ಓದಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಶಾಲೆಯಿಂದ ಬರುವ ಯಾವ ಕಾಗದದಲ್ಲಾದರೂ 78 ಎಂದರೆ ನೂರಕ್ಕೆ ಎಪ್ಪತ್ತೆಂಟೇ ಅಲ್ಲವೇ? ನಮ್ಮ ಅಳತೆಯಲ್ಲಿ ನೂರು ಎಂಬುದು ಪೂರ್ಣಾಂಕವಲ್ಲ, ಆ ವಯಸ್ಸಿನವರ ಸರಾಸರಿ, ಎಪ್ಪತ್ತೆಂಟು ಅದಕ್ಕಿಂತ ಸಾಕಷ್ಟು ಕೆಳಗೆ, ‘ಬಾರ್ಡರ್‌ಲೈನ್’ ಎಂದರೆ ನ್ಯೂನತೆಯ ಅಂಚು ಎಂಬುದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಬರೆದಿದ್ದರೂ ಇಂಗ್ಲಿಷಿನಲ್ಲಿ ಬರೆದಿರುತ್ತಿದ್ದೆ. ನಾಲ್ಕು ಪುಟಗಳಲ್ಲಿ ಆತನಿಗೆ ಓದಲು ಬಂದದ್ದು ಆ ಒಂದು ಅಂಕಿ ಮಾತ್ರ, ಅದೇ ಅಂಕಿ ಎರಡು ವರ್ಷ ಆ ಮಗುವಿನ ಬೆನ್ನ ಮೇಲೆ ಬಿತ್ತು.

ಇದರಲ್ಲಿ ನನ್ನನ್ನು ಹೆಚ್ಚು ನಾಚಿಸುವ ಸಂಗತಿ ಇನ್ನೊಂದಿದೆ. ನಾನು ಆ ಹುಡುಗನಿಗೆ ಕೊಟ್ಟದ್ದು ಬಿನೆ–ಕಾಮತ್ ಪರೀಕ್ಷೆ. ವಿ. ವಿ. ಕಾಮತರು 1930ರ ದಶಕದಲ್ಲಿ ಫ್ರಾನ್ಸಿನ ಬಿನೆಯ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದ್ದು ಇದೇ ಧಾರವಾಡದ ಮಕ್ಕಳನ್ನು ಪರೀಕ್ಷಿಸಿ. ಮಗುವಿನ ಬುದ್ಧಿಯನ್ನು ಅದರ ಮಾತಿನಲ್ಲೇ ಕೇಳಿ ತಿಳಿಯಬೇಕೆಂದು ಅವರಿಗೆ ಆ ಕಾಲದಲ್ಲೇ ಅನಿಸಿತ್ತು. ಅಂದರೆ ಪ್ರಶ್ನೆ ಕನ್ನಡದಲ್ಲಿ, ಉತ್ತರ ಕನ್ನಡದಲ್ಲಿ, ತೀರ್ಪು ಮಾತ್ರ ಇಂಗ್ಲಿಷಿನಲ್ಲಿ. (ಆ ಪರೀಕ್ಷೆಯ ಮಾನದಂಡಗಳು ಹಳೆಯವಾದವು, ಇಂದಿನ ಮಗುವನ್ನು ಅಂದಿನ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿ ಅಳೆಯಬಾರದು ಎಂದು ನೀನು ವಾದಿಸುತ್ತೀ, ಒಪ್ಪಿದೆ. ಹೊಸ ಪರೀಕ್ಷೆಗಳ ಪೆಟ್ಟಿಗೆಗಳ ಬೆಲೆಯನ್ನು ವಿಚಾರಿಸಿಕೊಂಡು ಬಾ, ಆಮೇಲೆ ವಾದ ಮುಂದುವರಿಸೋಣ.)

ಅಂದಿನಿಂದ ನಾನು ಎರಡು ಕಾಗದ ಬರೆಯುತ್ತಿದ್ದೇನೆ. ಆಸ್ಪತ್ರೆಗೋ ಮಂಡಳಿಗೋ ಹೋಗಬೇಕಾದ ಇಂಗ್ಲಿಷ್ ವರದಿ ಒಂದು, ಮನೆಯವರಿಗೆ ಕನ್ನಡದ ಎರಡು ಪುಟ ಇನ್ನೊಂದು. ಕನ್ನಡದ ಪುಟದಲ್ಲಿ ಸೂಚ್ಯಂಕವನ್ನು ಮೊದಲ ಸಾಲಿನಲ್ಲಿ ಬರೆಯುವುದಿಲ್ಲ. ಮಗು ಏನು ಮಾಡಬಲ್ಲದು, ಎಲ್ಲಿ ತಡವರಿಸಿತು, ನಾನು ಕಣ್ಣಾರೆ ಕಂಡದ್ದೇನು ಎಂಬುದರಿಂದ ಆರಂಭಿಸುತ್ತೇನೆ. ಸೆಗ್ವಿನ್ ಹಲಗೆ ನಿನಗೆ ಗೊತ್ತಲ್ಲ: ಹತ್ತು ಮರದ ತುಂಡುಗಳನ್ನು ಅವುಗಳ ಗೂಡಿನಲ್ಲಿ ಕೂರಿಸಬೇಕು, ಮೂರು ಸಲ ಮಾಡಿಸಿ ಅತಿ ಕಡಿಮೆ ಸಮಯವನ್ನು ಹಿಡಿಯುತ್ತೇವೆ. ಆ ಸೆಕೆಂಡುಗಳಿಂದ ತಾಯಿಗೆ ಏನೂ ತಿಳಿಯುವುದಿಲ್ಲ. ಆದರೆ “ಮೊದಲ ಸಲ ನಕ್ಷತ್ರದ ತುಂಡನ್ನು ಒತ್ತಿ ಒತ್ತಿ ನೋಡಿದ, ಮೂರನೆಯ ಸಲ ಕೈಯಲ್ಲಿ ತಿರುಗಿಸಿ, ಗೂಡನ್ನು ನೋಡಿ, ಆಮೇಲೆ ಇಟ್ಟ” ಎಂದು ಬರೆದರೆ, ತನ್ನ ಮಗ ತೋರಿಸಿಕೊಟ್ಟದ್ದನ್ನು ಕಲಿಯುತ್ತಾನೆ ಎಂದು ಆಕೆಗೆ ಹೊಳೆಯುತ್ತದೆ. ನಮ್ಮ ಹಲಗೆಯ ಆ ನಕ್ಷತ್ರದ ಮೂಲೆಗಳು ಸವೆದು ದುಂಡಗಾಗಿವೆ. ಸವೆದ ತುಂಡು ಬೇಗ ಕೂರುವುದರಿಂದ ಸಮಯವೂ ಸುಳ್ಳಾಗುತ್ತದೆ, ಬರುವಾಗ ಹೊಸ ಹಲಗೆ ತಾ.

ಇನ್ನೊಂದು ಮಾತನ್ನು ಮೊದಲ ದಿನವೇ, ಹಣ ತೆಗೆದುಕೊಳ್ಳುವ ಮುನ್ನ, ಎಲ್ಲರಿಗೂ ಹೇಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಚ್ಚಿನ ಸಮಯ ಅಥವಾ ಬರೆಯುವ ಸಹಾಯಕ ಬೇಕೆಂದು ಕಲಘಟಗಿ, ನವಲಗುಂದ, ಸವದತ್ತಿಗಳಿಂದ ಬಸ್ಸು ಹಿಡಿದು ಬರುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಿಂದಿನ ಏಳು ಬಗೆಯ ಅಂಗವೈಕಲ್ಯಗಳನ್ನು ಇಪ್ಪತ್ತೊಂದಕ್ಕೆ ಹೆಚ್ಚಿಸಿದಾಗ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕ ಹತ್ತದಿರುವುದು) ಅದರಲ್ಲಿ ಸೇರಿತು, ಸರಿ. ಆದರೆ ನಮ್ಮ ವರದಿ ಸರ್ಕಾರಿ ಪ್ರಮಾಣಪತ್ರವಲ್ಲ. ಅದನ್ನು ಕೊಡುವವರು ಸರ್ಕಾರ ನೇಮಿಸಿದ ವೈದ್ಯಕೀಯ ಪ್ರಾಧಿಕಾರದವರು. ಇದನ್ನು ಕೊನೆಗೆ ತಿಳಿದುಕೊಂಡವರ ಮುಖವನ್ನು ನಾನು ನೋಡಿದ್ದೇನೆ.

ಚಿಕಿತ್ಸೆಯ ಮಾತುಕತೆಗೂ ಇದೇ ಭಾಷೆಯ ಲೆಕ್ಕ ಬೇಕಾಗುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ “ಇವನ್ನ ಧಾರವಾಡಕ್ಕ ಕಳಸಬೇಕು” ಎಂದರೆ ಅರ್ಥವೇನೆಂದು ನಿನಗೆ ಗೊತ್ತು. ಮುಂಬಯಿ ಪ್ರಾಂತದ ಕಾಲದ ಇಲ್ಲಿನ ಹುಚ್ಚರ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಎಷ್ಟೋ ಬದಲಾಗಿದ್ದರೂ ಆ ಮಾತು ಬದಲಾಗಿಲ್ಲ. ಆ ಅಂಜಿಕೆಯನ್ನು ದಾಟಿ ಮೆಟ್ಟಿಲೇರಿ ಬಂದ ಹೆಣ್ಣುಮಗಳು “ಎದಿಯಾಗ ಧಸಕ್ ಅಂತದ್ರಿ” ಎಂದಾಗ ನೀನು ‘ಆಂಗ್ಸೈಟಿ’ ಎಂದು ಬರೆದುಕೊಂಡರೆ ಮುಂದಿನ ವಾರ ಆಕೆಯೂ ಅದೇ ಪದ ಹೇಳುತ್ತಾಳೆ, ಎದೆಯ ಸುದ್ದಿ ಅಲ್ಲಿಗೇ ನಿಲ್ಲುತ್ತದೆ. ಆಕೆಯ ಮಾತನ್ನೇ ಬರೆದುಕೋ. ಹೊರಗೆ ಕೂತ ಗಂಡ “ಏನ್ ಹೇಳಿದ್ಲ್ರಿ?” ಎಂದು ಕೇಳಿಯೇ ಕೇಳುತ್ತಾನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೌಪ್ಯತೆಯನ್ನು ಆಕೆಯ ಹಕ್ಕಾಗಿಸಿದೆ ಎಂದು ಆತನಿಗೆ ಉಪನ್ಯಾಸ ಕೊಡಬೇಕಾಗಿಲ್ಲ. “ಅವರನ್ನೇ ಕೇಳ್ರಿ” ಎಂದರೆ ಸಾಕು. ಮಾತ್ರೆ ಬೇಕಾದವರನ್ನು ಹಿಡಿದಿಟ್ಟುಕೊಳ್ಳಬೇಡ. ಔಷಧ ಬರೆಯುವುದು ನಮ್ಮ ಕೆಲಸವಲ್ಲ, ಮನೋವೈದ್ಯರು ಇದೇ ಊರಿನಲ್ಲಿದ್ದಾರೆ. ಅವರಿಗೆ ಬರೆಯುವ ಚೀಟಿಯಲ್ಲಿ ಏನಿದೆ ಎಂಬುದನ್ನು ಮಾತ್ರ ರೋಗಿಗೆ ಓದಿ ಹೇಳಿ ಕಳಿಸು.

ಆ ತಂದೆಯ ಕಥೆ ಅರ್ಧಕ್ಕೆ ಬಿಟ್ಟೆ. ಅಂದು ಸಂಜೆ ಹೊರಗಿನವರನ್ನೆಲ್ಲ ಕಳಿಸಿ, ಹಾಳೆಯ ಮೇಲೆ ಗೆರೆ ಎಳೆದು, ನೂರನ್ನು ನಡುವೆ ಬರೆದು, ಎಪ್ಪತ್ತೆಂಟು ಎಲ್ಲಿ ಬರುತ್ತದೆ ಎಂದು ತೋರಿಸಿದೆ. ಆತ ಬಹಳ ಹೊತ್ತು ಆ ಗೆರೆಯನ್ನೇ ನೋಡಿದ. ಆಮೇಲೆ ಮಗನ ಕೈ ಹಿಡಿದು, ಅಂಗಿಯ ತೋಳನ್ನು ಬಾಸುಂಡೆಯ ಮೇಲೆ ಎಳೆದು ಮುಚ್ಚಿದ.

ಕನ್ನಡ ವರದಿಯ ನಮೂನೆಯನ್ನು ಇದರ ಜೊತೆ ಇಟ್ಟಿದ್ದೇನೆ. ಕೆಂಪು ಪೆನ್ನು ಹಿಡಿದು ಓದು, ಅವ್ವ ಬರೆದದ್ದೆಂದು ಸಂಕೋಚಪಡಬೇಡ. ‘ಅಡಾಪ್ಟಿವ್ ಬಿಹೇವಿಯರ್’ ಎಂಬಲ್ಲಿ ‘ದಿನದ ಕೆಲಸಗಳನ್ನು ತಾನೇ ಮಾಡಿಕೊಳ್ಳುವ ಶಕ್ತಿ’ ಎಂದು ಹಾಕಿದ್ದೇನೆ. ‘ಬಾರ್ಡರ್‌ಲೈನ್’ಗೆ ಇಷ್ಟು ವರ್ಷವಾದರೂ ಮನಸ್ಸಿಗೆ ಒಪ್ಪುವ ಪದ ಸಿಕ್ಕಿಲ್ಲ. ‘ಗಡಿರೇಖೆ’ ಎಂದರೆ ಬೆಳಗಾವಿಯ ಜಗಳ ನೆನಪಾಗುತ್ತದೆ, ‘ಮಂದ’ ಎಂದು ನಾನು ಬರೆಯಲಾರೆ. ಎರಡನೆಯ ಪುಟದ ಆರನೆಯ ಸಾಲಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ನಿನ್ನ
ಅವ್ವ