ಜ್ವರದ ರೋಗಿಗೆ ಕೊಟ್ಟಿಗೆಯ ಬಗ್ಗೆಯೂ ಕೇಳಿ

ದನಕರು, ಕುರಿ, ಮೇಕೆಗಳಿಂದ ಮನುಷ್ಯರಿಗೆ ತಗಲುವ ಬ್ರುಸೆಲ್ಲೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು, ಜಾನುವಾರುಗಳ ಸಂಪರ್ಕವಿದೆಯೇ ಎಂಬ ಒಂದು ಪ್ರಶ್ನೆಯನ್ನು ವೈದ್ಯರು ಕೇಳದೇ ಇರುವುದರಿಂದ ಪತ್ತೆಯಾಗದೆ ಉಳಿಯುವ ಅಪಾಯವಿದೆ. ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು, ಊದಿಕೊಂಡ ಯಕೃತ್ತು, ತುಸು ಏರಿದ ಯಕೃತ್ತಿನ ಕಿಣ್ವಗಳು ಇವನ್ನು ಕಂಡಾಗ ಮೊದಲು ನೆನಪಾಗುವುದು ಟೈಫಾಯಿಡ್ ಅಥವಾ ಕ್ಷಯ. ಯಕೃತ್ತಿನ ಬಯಾಪ್ಸಿಯಲ್ಲಿ (ಅಂಗಾಂಶದ ತುಣುಕಿನ ಪರೀಕ್ಷೆಯಲ್ಲಿ) ಕಾಣುವ ಸಣ್ಣ ಗಂಟುಗಳೂ ಕ್ಷಯವನ್ನೇ ಹೋಲುವುದುಂಟು. ಬ್ರುಸೆಲ್ಲಾ ಪ್ರತಿಕಾಯ ಪರೀಕ್ಷೆಯನ್ನು ವೈದ್ಯರು ಪ್ರತ್ಯೇಕವಾಗಿ ಬರೆದುಕೊಡಬೇಕು. ರಕ್ತದಲ್ಲಿನ ಸೂಕ್ಷ್ಮಾಣುವನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಈ ಸೂಕ್ಷ್ಮಾಣು ನಿಧಾನವಾಗಿ ಬೆಳೆಯುತ್ತದೆ. ಪ್ರಯೋಗಾಲಯದ ಸಿಬ್ಬಂದಿಗೂ ಅದು ತಗಲಬಹುದು. ಹಾಗಾಗಿ ಶಂಕೆಯಿದ್ದರೆ ಮೊದಲೇ ತಿಳಿಸುವುದು ಅಗತ್ಯ. ಚಿಕಿತ್ಸೆ ಇದೆ, ಆದರೆ ಸಾಮಾನ್ಯವಾಗಿ ಎರಡು ಔಷಧಗಳನ್ನು 6 ವಾರ ತೆಗೆದುಕೊಳ್ಳಬೇಕು. ನಾಲ್ಕು ದಿನದ ಮಾತ್ರೆಗೆ ಇದು ಜಗ್ಗುವುದಿಲ್ಲ.

ಇದು ಹಳ್ಳಿಯ ಕಾಯಿಲೆ, ನಮಗೇಕೆ ಎನ್ನುವಂತಿಲ್ಲ. ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ಇಂದಿಗೂ ಕೊಟ್ಟಿಗೆಗಳಿವೆ. ಕರು ಹಾಕಿದ ಅಥವಾ ಕಂದು ಹಾಕಿದ (ಗರ್ಭಪಾತವಾದ) ಹಸುವಿನ ಮಾಸುಚೀಲವನ್ನು ಬರಿಗೈಯಲ್ಲಿ ತೆಗೆಯುವವರಿದ್ದಾರೆ. ಹಸಿ ಹಾಲೇ ಆರೋಗ್ಯಕರವೆಂದು ಕಾಯಿಸದೆ ಕುಡಿಯುವ ವಿದ್ಯಾವಂತರೂ ಇದ್ದಾರೆ, ಅವರಿಗೆ ಏನು ಹೇಳುವುದೋ ತಿಳಿಯದು! ಪಶುರೋಗಗಳ ಅಧ್ಯಯನಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ ನಿವೇದಿ ನಮ್ಮ ಯಲಹಂಕದಲ್ಲಿಯೇ ಇದೆ.

ವಾರ ಮೀರಿದ ಜ್ವರದ ಪ್ರತಿ ರೋಗಿಯ ಚೀಟಿಯಲ್ಲಿ ಜಾನುವಾರು ಸಂಪರ್ಕ ಮತ್ತು ಹಸಿ ಹಾಲಿನ ಬಗ್ಗೆ ಒಂದು ಸಾಲು ದಾಖಲಿಸುವಂತೆ ಆರೋಗ್ಯ ಇಲಾಖೆ ಸೂಚಿಸಲಿ. ಹಸುಗಳು ಕಂದು ಹಾಕುವುದು ಈ ಸೋಂಕಿನ ಸುಳಿವಾಗಿರಬಹುದಾದ್ದರಿಂದ ಆ ಮಾಹಿತಿಯನ್ನು ಪಶುವೈದ್ಯರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸುವ ವ್ಯವಸ್ಥೆಯೂ ಆಗಲಿ.

– ಓದುಗ, ಯಲಹಂಕ, ಬೆಂಗಳೂರು